ಅಮ್ಮನ ಉತ್ತರ

ಪ್ರೀತಿಯ ಅಕ್ಕನಿಗೆ,

ಬಡ ದೇಶಗಳಿಗೆ ನಮ್ಮ ಸರ್ಕಾರ ಮೊದಲು ಯಾವ ನೆರವು ಕೊಡಬೇಕೆಂದು ಮನೆಮನೆಗೆ ಹೋಗಿ ಕೇಳುವುದೇ ಈಗ ನನ್ನ ಕೆಲಸ. ನೀರೋ, ಶಾಲೆಯೋ, ನೀನಿರುವಂಥ ಆಸ್ಪತ್ರೆಯೋ? "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಬಾಗಿಲು ಹಾಕಿಕೊಳ್ಳುವವರೇ ಹೆಚ್ಚು. ಮೆಟ್ಟಿಲು ಹತ್ತಿ ಹತ್ತಿ ಕಾಲು ಸೋತುಹೋಗಿದೆ.

ನಿನ್ನೆ ಅಮ್ಮ, "ನನ್ನನ್ನೂ ಕೇಳೇ" ಎಂದಳು. ನೀನು ನರ್ಸಾಗಿ ಅಂಥದೊಂದು ಬಡ ದೇಶಕ್ಕೆ, ಅಷ್ಟು ದೂರ ಹೋದಾಗಿನಿಂದ ನಿನ್ನ ಹೆಸರೆತ್ತದವಳು. ಕೇಳಿದೆ. "ಆಸ್ಪತ್ರೆ ಅಂತ ಬರ್ಕೋ. ಅವಳೊಬ್ಬಳೇ ಎಷ್ಟು ಜನರನ್ನ ನೋಡ್ತಾಳೆ?" ಎಂದಳು.

ಮನೆಯವರ ಉತ್ತರವನ್ನು ಸಮೀಕ್ಷೆಗೆ ಸೇರಿಸುವಂತಿಲ್ಲ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಬಿಡುವಾದಾಗ ಅವಳಿಗೊಂದು ಫೋನ್ ಮಾಡು. ಕಿವಿ ಮಂದವಾಗಿದೆ, ಸ್ವಲ್ಪ ಜೋರಾಗಿ ಮಾತಾಡು.

ನಿನ್ನ ತಂಗಿ