ಲಿವರ್‌ನಲ್ಲಿ ಸುಮ್ಮನಾದ ಅಣು

ಟೂವಾಂಗ್, ಬ್ರಿಸ್ಬೇನ್
ಆಗಸ್ಟ್ 1983

ಪ್ರೀತಿಯ ಉಮಾಕಾಂತ ಅವರಿಗೆ,

ಹೆಸರು ಹಿಡಿದು ಬರೆದಿದ್ದೇನೆ. ನಿಮ್ಮ ಅಮ್ಮ ನೋಡಿದರೆ ಹಣೆ ಚಚ್ಚಿಕೊಳ್ಳುತ್ತಾರೆ. ಏನು ಮಾಡಲಿ, 'ರೀ' ಎಂದರೆ ತಿರುಗಿ ನೋಡುವವರು ಈ ಊರಿನಲ್ಲಿಲ್ಲ.

ಬುಧವಾರ ಲ್ಯಾಬಿನಲ್ಲಿ ಒಂದು ಸಂಗತಿ ನಡೆಯಿತು. ಇಲಿಯ ಲಿವರ್ ಚೂರುಗಳಿಗೆ ನಾವು ಸೇರಿಸುವ ಅಣು, ಅಯಸ್ಕಾಂತದ ಧ್ರುವಗಳ ನಡುವೆ ಇಟ್ಟರೆ ಸಿಗ್ನಲ್ ಕೊಡುತ್ತದೆ ಎಂದಿದ್ದೆನಲ್ಲ? ಜೀವವಿರುವ ಲಿವರ್‌ನಲ್ಲಿ ಆ ಸಿಗ್ನಲ್ ಕೆಲವೇ ನಿಮಿಷಗಳಲ್ಲಿ ಮಾಯ. ಅಣು ಒಡೆದು ಹಾಳಾಯಿತು ಎಂದು ನಮ್ಮ ಪ್ರೊಫೆಸರ್ ತೀರ್ಮಾನಿಸಿಬಿಟ್ಟಿದ್ದರು. ನನಗೆ ಮನಸ್ಸು ಒಪ್ಪಲಿಲ್ಲ. ಅದೇ ಚೂರುಗಳಿಗೆ, ಅಂಟಿಕೊಂಡ ಹೈಡ್ರೋಜನ್ನನ್ನು ಕಿತ್ತುಹಾಕುವ ಫೆರಿಸಯನೈಡ್ ದ್ರಾವಣ ಬೆರೆಸಿ ನೋಡಿದೆ. ಮುಕ್ಕಾಲು ಪಾಲು ಸಿಗ್ನಲ್ ಎದ್ದು ಬಂತು ನೋಡಿ! ಜೀವಕೋಶದೊಳಗಿನ ವಿಟಮಿನ್ ಸಿ ಮೊದಲಾದವು ಅಣುವಿಗೆ ಒಂದು ಹೈಡ್ರೋಜನ್ ಸೇರಿಸಿ ಸುಮ್ಮನಾಗಿಸಿದ್ದವು, ಅಷ್ಟೇ. ಉಳಿದ ಕಾಲು ಭಾಗ ನಿಜಕ್ಕೂ ಒಡೆದಿದೆ. ಹೇಗೆ ಒಡೆಯುತ್ತದೆ ಎಂಬುದನ್ನು ಇನ್ನು ಹುಡುಕಬೇಕು.

ಯಾರಿಗೆ ಹೇಳಲಿ? ಅಡಿಲೇಡಿನ ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿದರೆ ನೀವು ಯಾರಿಗೋ ಆಪರೇಷನ್ ಮಾಡುತ್ತಿದ್ದಿರಿ. ಪಕ್ಕದ ಮನೆಯ ಸುಲೋಚನಾ ಆಂಟಿಗೆ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಸರಿ ಕಣಮ್ಮ, ಊಟ ಮಾಡಿದ್ಯಾ?" ಎಂದರು. ಅಳು ಬಂದುಬಿಟ್ಟಿತು. ದುಃಖವನ್ನಾದರೂ ಒಬ್ಬಳೇ ನುಂಗಬಹುದು, ಖುಷಿಯನ್ನು ಆಗುವುದಿಲ್ಲ ಕಣ್ರೀ.

ಹೋದ ತಿಂಗಳು ನೀವು ಫೋನಿನಲ್ಲಿ, "ಸಿಗ್ನಲ್ಲೇ ಇಲ್ಲ ಅಂದ್ಮೇಲೆ ಅಲ್ಲೇನ್ ಕೆಲ್ಸ? ಬಂದ್ಬಿಡು, ಇಲ್ಲೇ ಮನೆ ಮಾಡೋಣ" ಎಂದಿರಿ. ನಾನು ಮಾತಾಡಲಿಲ್ಲ. ನಮ್ಮಲ್ಲಿ ಹೆಂಗಸು ಸುಮ್ಮನಿದ್ದರೆ ಹೂಂ ಎಂದೇ ಲೆಕ್ಕ. ನೀವು ಹೆಣ್ಣು ನೋಡಲು ಬಂದಾಗಲೂ ನಮ್ಮ ಮನೆಯವರು ಹಾಗೇ ಅಂದುಕೊಂಡರು. ಅಂದು ಅದು ಸರಿಯಾಗಿತ್ತು, ನೀವು ನನಗೆ ಇಷ್ಟವಾಗಿದ್ದಿರಿ. ಆಮೇಲೆ ನಿಮ್ಮ ಕೆಲಸಕ್ಕೆಂದು ಪರ್ತ್‌ಗೆ ಕರೆದಾಗಲೂ ಸುಮ್ಮನೆ ಹೊರಟು ಬಂದೆ. ಎಂಎಸ್ಸಿ ಓದಿದವಳು ಅಲ್ಲಿನ ವೆಲ್ಷ್‌ಪೂಲ್‌ನ ಗೋದಾಮಿನಲ್ಲಿ ವರ್ಷಗಟ್ಟಲೆ ಡಬ್ಬಿಗಳಿಗೆ ಚೀಟಿ ಅಂಟಿಸಿದೆ. ಈ ಲ್ಯಾಬ್ ಸಿಕ್ಕಿದ್ದು ಆಮೇಲೆ.

ಇವತ್ತು ನಿಮ್ಮ ಕಾಗದ ಬಂತು. ಅಡಿಲೇಡಿನ ಬೆಡ್‌ಫರ್ಡ್ ಪಾರ್ಕ್ ಬಡಾವಣೆಯಲ್ಲಿ ಮನೆ ಹಿಡಿದಿದ್ದೀರಿ, ಕರ್ಟನ್ನೂ ಹಾಕಿಸಿದ್ದೀರಿ, ಬರುವ ಶುಕ್ರವಾರ ಹಾಲುಕ್ಕಿಸಲು ನಾನು ಬರಬೇಕು. ಕರ್ಟನ್ ಬಣ್ಣಕ್ಕಾಗಿ ನೀವು ಅಂಗಡಿ ಅಲೆದದ್ದನ್ನು ಓದಿ ಕಣ್ಣು ತುಂಬಿತು. ನೀವೂ ಅಲ್ಲಿ ಒಂಟಿಯೇ.

ಆದರೂ ನಾನು ಬರುವುದಿಲ್ಲ. ಇನ್ನೆರಡು ವರ್ಷ ಇಲ್ಲೇ ಕೆಲಸ ಮಾಡುತ್ತೇನೆಂದು ಪ್ರೊಫೆಸರಿಗೆ ಹೇಳಿಬಿಟ್ಟಿದ್ದೇನೆ. ಇಲ್ಲಿನ ಆಸ್ಪತ್ರೆಗಳಿಗೂ ಸರ್ಜನ್ನರು ಬೇಕಂತೆ. ಈ ಸಲ ನೀವು ಬನ್ನಿ. ಆಗದಿದ್ದರೆ ಬಾಯಿಬಿಟ್ಟು ಹೇಳಿ. ಸುಮ್ಮನಿದ್ದರೆ ಹೂಂ ಎಂದೇ ತಿಳಿದುಕೊಳ್ಳುತ್ತೇನೆ.

ಶುಕ್ರವಾರ ಒಲೆಯ ಮುಂದೆ ನೀವೊಬ್ಬರೇ ನಿಲ್ಲಬೇಕಲ್ಲ. ಹಾಲು ಪೂರ್ವಕ್ಕೇ, ನಾನಿರುವ ದಿಕ್ಕಿಗೇ ಉಕ್ಕಲಿ.

ನಿಮ್ಮ
ಮೈತ್ರೇಯಿ