ತೆಗೆದು ಮತ್ತೆ ಸೇರಿಸುವುದು

ಮಾರ್ಚ್ ೩, ಸೋಮವಾರ

ನಾನು ಬರೆದ ಹೊಸ ಪ್ರೋಗ್ರಾಂ ಆಫೀಸಿನಲ್ಲಿ ಇವತ್ತಿನಿಂದ ಶುರು. ಲಿಫ್ಟ್ ಕೆಟ್ಟಿದೆ ಎಂಬ ಕರೆಗಳು ಇನ್ನು ಬಂದ ಕ್ರಮದಲ್ಲಿ ಹೋಗುವುದಿಲ್ಲ, ತುರ್ತಿನ ಕ್ರಮದಲ್ಲಿ ಹೋಗುತ್ತವೆ. ಪ್ರತಿ ಕರೆಯೂ ಒಂದು ಆಬ್ಜೆಕ್ಟ್, ಒಂದು ಚೀಟಿಯ ಹಾಗೆ: ಕಟ್ಟಡ, ದೂರು, ತುರ್ತಿನ ಅಂಕಿ. ಒಂದು ಎಂದರೆ ಒಳಗೆ ಮನುಷ್ಯರಿದ್ದಾರೆ. ಒಂಬತ್ತು ಎಂದರೆ ಬಾಗಿಲು ಕಿರುಗುಟ್ಟುತ್ತಿದೆ, ಅಷ್ಟೇ. ಎಲ್ಲವೂ ಒಂದು ಪ್ರಯಾರಿಟಿ ಕ್ಯೂನಲ್ಲಿ, ತುರ್ತಿನ ಸರದಿಯಲ್ಲಿ, ಕಾಯುತ್ತವೆ. ಮೆಕ್ಯಾನಿಕ್ ಫೋನಿನಲ್ಲಿ 'ಮುಂದಿನದು' ಒತ್ತಿದರೆ ಅತಿ ಚಿಕ್ಕ ಅಂಕಿಯದು ಹೊರಬರುತ್ತದೆ.

ಕರೆ ತೆಗೆದುಕೊಳ್ಳುವವರು ಫೋನಕ್ಕ. ಆಫೀಸಿನಲ್ಲಿ ಎಲ್ಲರಿಗೂ ಅವರು ಅಷ್ಟೇ.

"ಅಂದ್ರೆ ಇನ್ಮೇಲೆ ಜನ ನಿನ್ನ ಯಂತ್ರಕ್ಕೆ ಬೈತಾರಾ?"

"ಇಲ್ಲಕ್ಕ, ಬೈಸ್ಕೊಳ್ಳೋದು ನೀವೇ. ಲೆಕ್ಕ ಮಾತ್ರ ಅದರದ್ದು."

ರಾತ್ರಿ ಮನೆಯಲ್ಲೂ ಅದೇ ಕೋಡ್. ಇವರು ಮುಂದಿನ ಕೋಣೆಯಲ್ಲಿ ರಿಪೇರಿಗೆ ಬಂದ ಯಾರದೋ ವಾಚು ಬಿಚ್ಚಿಕೊಂಡು, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿಯನ್ನು ಒರೆಸಿ ಒರೆಸಿ ಗೊಣಗುತ್ತಿದ್ದರು.

"ಸೊಳ್ಳೆ ಕೂತಂಗಿದೆ ಕಣೇ. ಹೋಗ್ತಾನೇ ಇಲ್ಲ. ಬಾ ಇಲ್ಲಿ."

"ಈ ಸಾಲು ಮುಗಿಸಿ ಬರ್ತೀನ್ರೀ."

ಮುಗಿಸಿ ಹೋದಾಗ ಮಲಗಿದ್ದರು.

ಮಾರ್ಚ್ ೬

ಸೊಳ್ಳೆ ಗಾಜಿನಲ್ಲಿಲ್ಲ, ಕಣ್ಣಲ್ಲೇ ಇದೆಯಂತೆ. ಬಲಗಣ್ಣು. ಕೆಲಸದ ಕಣ್ಣು. ವಯಸ್ಸು ಅಂದೆ. "ಯಾರದ್ದು?" ಅಂದರು.

ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿದೆ. ತಿಂಗಳ ಕೊನೆಗೆ ಅಪಾಯಿಂಟ್‌ಮೆಂಟ್ ಸಿಕ್ಕಿತು. ಸೊಳ್ಳೆಗೆ ಅಷ್ಟು ಸಾಕು.

ಮಾರ್ಚ್ ೧೨

ಬೆಳಗಿನ ತಿಂಡಿಯ ಹೊತ್ತಿಗೆ ಇವರು, ಕತ್ತಲಲ್ಲಿ ಕಣ್ಣಂಚಿಗೆ ಮಿಂಚು ಹೊಡೆಯುತ್ತದೆ ಅಂದರು. "ಕರೆಂಟ್ ಬಿಲ್ ಉಳೀತು ಬಿಡು." ಇಬ್ಬರೂ ನಕ್ಕೆವು.

ಆಫೀಸು... ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಒಂದು ಕಟ್ಟಡದಿಂದ ಕರೆ, ಬಾಗಿಲು ಕಿರುಗುಟ್ಟುತ್ತಿದೆ ಎಂದು. ಒಂಬತ್ತು. ಮಧ್ಯಾಹ್ನ ಅದೇ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ಒಬ್ಬ ಅಜ್ಜಿ, ಉಬ್ಬಸದವರು. ಫೋನಕ್ಕ ಹಳೆಯ ಕರೆಯನ್ನೇ ತೆರೆದು ಒಂಬತ್ತನ್ನು ಒಂದು ಮಾಡಿದರು. ಸ್ಕ್ರೀನಿನಲ್ಲಿ ಕೆಂಪು ಬಂತು. ಎಲ್ಲರೂ ನಿರಾಳರಾದೆವು.

ಸ್ಪೀಕರಿನಲ್ಲಿ ಅಜ್ಜಿಯ ಉಸಿರು ಇಡೀ ಕೋಣೆಗೆ ಕೇಳುತ್ತಿತ್ತು.

"ಅಜ್ಜಿ, ನೆಲದ ಮೇಲೆ ಕೂತ್ಕೊಳ್ಳಿ. ಹಗುರಾಗುತ್ತೆ," ಅಂದರು ಫೋನಕ್ಕ.

"ಕೂತ್ರೆ ಎಬ್ಬಿಸೋಕೆ ನೀನು ಬರ್ತೀಯಾ?"

"ಬರ್ತೀನಿ. ಲಿಫ್ಟಲ್ಲಿ ಮಾತ್ರ ಬರಲ್ಲ."

ಅಜ್ಜಿ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಮೆಕ್ಯಾನಿಕ್ ಹೋಗಿರಲೇ ಇಲ್ಲ. ಫೋನಕ್ಕ ಒಂದು ಕಿವಿ ಅಜ್ಜಿಗೆ ಕೊಟ್ಟು, ಇನ್ನೊಂದು ಫೋನಿನಲ್ಲಿ ಅವನನ್ನು ಹಿಡಿದರು.

"ಎಲ್ಲಿದೀಯೋ?"

"ಇನ್ನೊಂದು ಬಿಲ್ಡಿಂಗ್ ಲಿಫ್ಟಿಗೆ ಬಲ್ಬ್ ಹಾಕ್ತಿದೀನಕ್ಕ. ನಿಮ್ಮ ಯಂತ್ರನೇ ಕೊಟ್ಟಿದ್ದು."

"ಏಣಿ ಇಳಿಯೋ ಪುಣ್ಯಾತ್ಮ!"

ನನ್ನ ಕಡೆ ತಿರುಗಿದರು. ಮತ್ತೆ ಅಜ್ಜಿಯ ಜೊತೆ ಮಾತು, ಮೊಮ್ಮಕ್ಕಳು, ಮಂಡಿನೋವು, ಸೊಸೆಯ ಅಡುಗೆ. ಬಾಗಿಲು ತೆರೆಯುವವರೆಗೂ ಬಿಡಲಿಲ್ಲ.

ಅಜ್ಜಿ ನಡೆದೇ ಹೊರಬಂದರಂತೆ. ಆ ಏಣಿಯಿಂದ ಅವನು ಎಷ್ಟು ಬೇಗ ಇಳಿದಿರಬೇಕು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ಮಾರ್ಚ್ ೧೩, ಮಧ್ಯಾಹ್ನ

ಕಾರಣ ಸಿಕ್ಕಿತು. ಕ್ಯೂ ತಪ್ಪು ಮಾಡಿಲ್ಲ. ಒಳಗೆ ಬರುವಾಗ ಹೋಲಿಸಿ ಜಾಗ ಕೊಡುತ್ತದೆ. ಒಂದು ಹೊರಗೆ ಹೋದಾಗ ಇನ್ನೊಂದನ್ನು ಮೇಲಕ್ಕೆ ತರುತ್ತದೆ. ಅಷ್ಟೇ ಅದರ ಎಚ್ಚರ. ನಡುವೆ, ಒಳಗೇ ಕೂತ ಆಬ್ಜೆಕ್ಟಿನ ಅಂಕಿ ಬದಲಾದರೆ ಅದಕ್ಕೆ ತಿಳಿಯುವುದಿಲ್ಲ. ಅಂಕಿ ಒಂದು, ಜಾಗ ಒಂಬತ್ತರದ್ದೇ. ಸ್ಕ್ರೀನಿನ ಕೆಂಪು ಅಂಕಿಯನ್ನು ನೋಡಿ ಬಂದದ್ದು, ಸರದಿಯನ್ನು ನೋಡಿ ಅಲ್ಲ.

ತುರ್ತಿನ ಅಂಕಿಗೆ ಕೋಡಿನಲ್ಲೇ ಬೀಗ ಹಾಕಿದೆ. ಒಮ್ಮೆ ಬರೆದರೆ ಬದಲಾಗದು. ಬದಲಿಸಬೇಕಾದರೆ ಹಳೆಯ ಕರೆಯನ್ನು ಕ್ಯೂನಿಂದ ತೆಗೆಯಬೇಕು, ಹೊಸ ಅಂಕಿಯೊಂದಿಗೆ ಮತ್ತೆ ಸೇರಿಸಬೇಕು. ಬೇರೆ ದಾರಿ ಉಳಿಸಿಲ್ಲ.

ಫೋನಕ್ಕನಿಗೆ ತೋರಿಸಿದೆ.

"ಕೈ ಹಿಡಿದು ಎಬ್ಬಿಸಿ ಮುಂದೆ ಕೂರಿಸ್ಬೇಕು ಅನ್ನು."

"ಹೌದಕ್ಕ."

"ನಾನು ಕೂತಲ್ಲೇ ಬಣ್ಣ ಬಳಿದೆ."

"ನೀವಲ್ಲ, ನಾನು."

"ಸರಿ, ನೀನೇ ಇಟ್ಕೋ," ಅಂದು ಟೀ ತರಿಸಿದರು. ಬೈದಿದ್ದರೂ ಇಷ್ಟು ತಾಗುತ್ತಿರಲಿಲ್ಲ.

ಅದೇ ದಿನ, ಸಂಜೆ

ಇವರು ಗೋಡೆ ಗಡಿಯಾರ ನೋಡಲು ತಲೆ ಓರೆ ಮಾಡಿದರು. ಹಕ್ಕಿ ನೋಡುವ ಹಾಗೆ.

"ಯಾಕ್ರೀ?"

"ಬಲಗಡೆ ಕೆಳಗಿಂದ ಪರದೆ ಎಳೆದಂಗಿದೆ. ಬೆಳಿಗ್ಗೇನೇ ಹೇಳಿದ್ನಲ್ಲ, ನೀನು ಹೂಂ ಅಂದೆ."

ಹೇಳಿದ್ದರು. ಹೂಂ ಅಂದಿದ್ದೆ. ನಿನ್ನೆ ಮಿಂಚಿಗೆ ನಕ್ಕಿದ್ದೆ. ಎಲ್ಲವನ್ನೂ ಕೇಳಿಸಿಕೊಂಡಿದ್ದೇನೆ, ಒಂದನ್ನೂ ಮರೆತಿಲ್ಲ. ಎಲ್ಲವೂ ಸೊಳ್ಳೆಯ ಜಾಗದಲ್ಲೇ ಕೂತಿವೆ.

"ಚಪ್ಪಲಿ ಹಾಕ್ಕೊಳ್ಳಿ."

"ತಿಂಗಳ ಕೊನೆಗಲ್ವೇನೇ?"

"ಹಾಕ್ಕೊಳ್ಳಿ ಅಂದೆ."

"ಸಾಲು ಮುಗ್ಸಲ್ವಾ?"

ಲ್ಯಾಪ್‌ಟಾಪ್ ತೆರೆದೇ ಇತ್ತು. ಹಾಗೇ ಬಿಟ್ಟೆ, ಈ ಡೈರಿ ಮಾತ್ರ ಜೊತೆಗೆ ಬಂತು. ಆಟೊದಲ್ಲಿ ಬರೆಯುತ್ತಿದ್ದೇನೆ, ಕೈ ಸುಮ್ಮನಿರಲೊಲ್ಲದು.

ಮಾರ್ಚ್ ೧೫

ಆಪರೇಷನ್ ನಿನ್ನೆ ಆಯಿತು.

ಕಣ್ಣಿನ ಹಿಂದಿನ ರೆಟಿನಾ ಪದರ ಗೋಡೆಯಿಂದ ಬಿಟ್ಟುಕೊಳ್ಳುತ್ತಿತ್ತಂತೆ, ಹಳೆಯ ವಾಲ್‌ಪೇಪರಿನ ಹಾಗೆ. ನಟ್ಟನಡುವಿನ ಭಾಗ, ವಾಚಿನ ಚಕ್ರದ ಹಲ್ಲುಗಳನ್ನು ಎಣಿಸುವ ಭಾಗ, ಇನ್ನೂ ಅಂಟಿಕೊಂಡಿತ್ತು. ಡಾಕ್ಟರು ಹೆಚ್ಚು ಹೇಳಲಿಲ್ಲ. "ಇನ್ನೊಂದೆರಡು ದಿನ ಬಿಟ್ಟು ಬಂದಿದ್ರೆ ಬೇರೆ ಮಾತಾಡ್ತಿದ್ವಿ." ಕೆಲಸಕ್ಕೆ ಬರುವಷ್ಟು ದೃಷ್ಟಿ ಉಳಿಯುತ್ತದೆಯೇ ಎಂದು ಕೇಳಿದೆ. ಕಾಯಬೇಕು.

ಮೊನ್ನೆಯ ಸಂಜೆ ಮರೆಯಬಾರದು, ಅದಕ್ಕೇ ಬರೆದಿಡುತ್ತಿದ್ದೇನೆ. ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಉದ್ದ ಬೆಂಚಿನ ತುದಿಯಲ್ಲಿ ಕೂತಿದ್ದೆವು. ನರ್ಸ್ ಒಬ್ಬೊಬ್ಬರನ್ನೂ ಏನಾಯಿತು ಎಂದು ಕೇಳುತ್ತ ಬಂದರು. ಇವರು 'ಪರದೆ' ಅಂದರು. ನರ್ಸ್ ಇವರ ಕೈಯಿಂದ ಟೋಕನ್ ಕಿತ್ತುಕೊಂಡರು.

"ಇದು ಇನ್ಮೇಲೆ ನಿಮ್ಮದಲ್ಲ. ಏಳಿ."

ಪಕ್ಕದವರೊಬ್ಬರು ರೇಗಿದರು. "ಸಿಸ್ಟರ್, ನಾವೇನು ಇಲ್ಲಿ ಗಾಳಿ ತಗೊಳ್ಳೋಕೆ ಬಂದಿದೀವಾ?"

"ನಿಮ್ಮ ಕಣ್ಣು ನಾಳೆಯೂ ಇರುತ್ತೆ ಸಾರ್. ಇವರದ್ದು ಹೇಳೋಕಾಗಲ್ಲ."

ಆತ ಕಾಲು ಮಡಿಸಿ ದಾರಿ ಬಿಟ್ಟರು. ನರ್ಸ್‌ಗೆ ಥ್ಯಾಂಕ್ಸ್ ಹೇಳಿದೆ. ಆತನಿಗೆ ಹೇಳಲಿಲ್ಲ. ಮುಖವೂ ನೆನಪಿಲ್ಲ, ಮಡಿಸಿದ ಮಂಡಿ ಮಾತ್ರ.

ಮಾರ್ಚ್ ೧೯

ಕಣ್ಣೊಳಗೆ ಗ್ಯಾಸಿನ ಗುಳ್ಳೆ ತುಂಬಿದ್ದಾರೆ. ಅದು ಆ ಪದರವನ್ನು ಒತ್ತಿ ಹಿಡಿಯಬೇಕು. ಅದಕ್ಕಾಗಿ ದಿನವಿಡೀ ಮುಖ ಕೆಳಗೆ. ಇವರು ಕುರ್ಚಿಯಲ್ಲಿ ಬಗ್ಗಿ ನೆಲ ನೋಡುತ್ತಾರೆ.

"ನಿನ್ನ ಹಿಮ್ಮಡಿ ಇಷ್ಟು ಒಡೆದಿದೆ ಅಂತ ಗೊತ್ತಿರ್ಲಿಲ್ಲ ಕಣೇ."

"ಈಗ್ಲಾದ್ರೂ ನೋಡಿದ್ರಲ್ಲ."

ಮಾತಾಡಬೇಕಾದರೆ ನೆಲದ ಮೇಲೆ ಅಂಗಾತ ಮಲಗುತ್ತೇನೆ. ಮೇಲೆ ಅವರ ಮುಖ, ತಲೆಕೆಳಗು, ಒಂದು ಕಣ್ಣಿಗೆ ಬಿಳಿ ಪಟ್ಟಿ. ಮದುವೆಯಾಗಿ ಇಷ್ಟು ವರ್ಷ, ಈ ಮುಖವನ್ನು ಈ ಕಡೆಯಿಂದ ನೋಡಿರಲಿಲ್ಲ. ಗದ್ದದ ಕೆಳಗೆ ಒಂದು ಮಚ್ಚೆ ಇದೆ.

ಫೋನಕ್ಕ ಬಂದಿದ್ದರು. ಅವರೂ ನನ್ನ ಪಕ್ಕ ಮಲಗಿಯೇ ಮಾತಾಡಿಸಿದರು, ಕೈಚೀಲ ಹೊಟ್ಟೆಯ ಮೇಲಿಟ್ಟುಕೊಂಡು. ಇವರು ನಕ್ಕರೆ ಗುಳ್ಳೆ ಕುಣಿಯುತ್ತದಂತೆ. "ಹಾಗಾದ್ರೆ ನಾನು ಹೊರಡ್ತೀನಪ್ಪ," ಅಂದರು ಫೋನಕ್ಕ. ಹೊರಡಲಿಲ್ಲ.

ಏಪ್ರಿಲ್ ೧೪

ಗುಳ್ಳೆ ದಿನದಿನಕ್ಕೆ ಕುಗ್ಗಿ, ಮೊನ್ನೆ ಸಾಸಿವೆಯಷ್ಟಾಗಿ, ನಿನ್ನೆ ಇಲ್ಲವಾಯಿತು. ಗೋಡೆ ಗಡಿಯಾರ ಕಾಣುತ್ತದೆ. ಪೇಪರಿನ ದಪ್ಪ ಅಕ್ಷರ ಕಾಣುತ್ತದೆ. ಅದಕ್ಕಿಂತ ಸಣ್ಣದು — ಭೂತಗನ್ನಡಿ ಹಾಕಿ ನೀವೇ ನೋಡಿಕೊಳ್ಳಿ ಅಂದಿದ್ದಾರೆ ಡಾಕ್ಟರು.

ಇವರು ಮುಂದಿನ ಕೋಣೆಯಲ್ಲಿದ್ದಾರೆ. ಮೇಜಿನ ಡ್ರಾಯರ್ ಎಳೆದ ಸದ್ದು ಕೇಳಿತು. ದೀಪದ ಸ್ವಿಚ್ಚು. ಆಮೇಲೆ ಏನೂ ಇಲ್ಲ. ಹೋಗಿ ಪಕ್ಕದಲ್ಲಿ ನಿಂತರೆ ಅವರ ಗಮನ ತಪ್ಪೀತು ಎಂದು ಇಲ್ಲೇ ಕೂತು ಬರೆಯುತ್ತಿದ್ದೇನೆ. ಇಷ್ಟು ಸಿಕ್ಕಿದೆ, ಇಷ್ಟೇ ಸಾಕು ಎಂದು ಬರೆಯಲು ಹೊರಟೆ. ಸುಳ್ಳು. ಇನ್ನಷ್ಟು ಬೇಕು, ಒಂದು ಪುಟ್ಟ ಚಕ್ರದ ಹಲ್ಲಿನಷ್ಟು.

ಕರೆಯುತ್ತಿದ್ದಾರೆ. "ಲೇ, ಬಾ ಇಲ್ಲಿ." ದನಿಯಲ್ಲಿ ಏನಿದೆಯೋ ತಿಳಿಯುತ್ತಿಲ್ಲ. ಈ ಸಾಲು —