ಒಡಪಿಲ್ಲದೆ ಹೇಳಿದ ಹೆಸರು

ಗುಡ್ಡದಹಟ್ಟಿ, ಹೊಸಹಳ್ಳಿ ಹೋಬಳಿ
೧೨ ಡಿಸೆಂಬರ್ ೧೯೯೫

ಅಕ್ಕ ದ್ಯಾಮಕ್ಕನಿಗೆ ತಂಗಿ ಮಂಜಮ್ಮನ ಶರಣು.

ದೀಪಾವಳಿಗೆ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯಬೇಡ. ಬೈದರೂ ಹಂಪಸಾಗರದಿಂದ ಇಲ್ಲಿಗೆ ಕೇಳಿಸುವುದಿಲ್ಲ ಬಿಡು. ಮಗ ಬೀರಲಿಂಗೇಶ ಕುರಿ ಹೊಡೆದುಕೊಂಡು ಹಡಗಲಿ ಕಡೆಯ ಎರೆ ಹೊಲಗಳಿಗೆ ಹೋಗಿದ್ದಾನೆ. ಮಧ್ಯಾಹ್ನ ಬೇವಿನ ನೆರಳಿಗೆ ಕೂತು ಉಣ್ಣೆ ನೂಲುತ್ತಿದ್ದರೆ ನನಗೆ ಜೊಂಪು ಹತ್ತುತ್ತದೆ. ಆ ಜೊಂಪಿನಲ್ಲಿ ನಿಮ್ಮೂರ ಹೊಳೆ ನಮ್ಮ ಅಂಗಳಕ್ಕೇ ಬಂದು ಹರಿಯುತ್ತದೆ. ನಿನ್ನೆ ನೋಡಿದರೆ ನಮ್ಮ ಕುರಿಗಳೆಲ್ಲ ಪಂಚಾಯ್ತಿ ಆಫೀಸಿನ ಕುರ್ಚಿಗಳ ಮೇಲೆ ಕೂತು ಮೆಲುಕು ಹಾಕುತ್ತಿದ್ದವು. ಯಾವುದನ್ನು ಎಬ್ಬಿಸಲಿ ಎಂದು ತಿಳಿಯದೆ ನಾನು ಬಾಗಿಲಲ್ಲೇ ನಿಂತಿದ್ದೆ. ನಮ್ಮ ಸದಸ್ಯರಿಗಿಂತ ಅವೇ ಮರ್ಯಾದೆಯಾಗಿ ಕೂತಿದ್ದವು.

ನಾನು ಪಂಚಾಯ್ತಿ ಅಧ್ಯಕ್ಷೆ ಆದದ್ದು ನಿನಗೆ ಗೊತ್ತು, ಆಗಿ ಏನೂ ಮಾಡದೆ ಇದ್ದದ್ದೂ ಗೊತ್ತು. ಸೀಟು ಹೆಂಗಸರಿಗೆ ಬಂತೆಂದು ಇವರು ನನ್ನನ್ನು ನಿಲ್ಲಿಸಿದರು. ಮೀಟಿಂಗಿನಲ್ಲಿ ಮಾತು ಇವರದು, ಸಹಿ ನನ್ನದು. ಹೋದ ತಿಂಗಳು ಕೂಡ್ಲಿಗಿಯಲ್ಲಿ ತರಬೇತಿ ಇತ್ತು. ಅಲ್ಲಿ ಒಬ್ಬ ಮೇಡಂ ಮಾತುಮಾತಿಗೂ "ಅಧಿಕಾರ ಚಲಾಯಿಸಿ" ಎನ್ನುತ್ತಿದ್ದರು. ನಾನು ಎದ್ದು, "ಚಲಾಯಿಸೋದು ಅಂದ್ರ ಏನ್ ಮಾಡ್ಬೇಕ್ರಿ?" ಅಂದೆ. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ.

"ನಿಮ್ಮ ಕೈಗೆ ಬಂದದ್ದನ್ನ ನೀವೇ ಬಳಸೋದು ತಾಯಿ. ನೀವು ಬಳಸದಿದ್ರೆ ಅದು ಸುಮ್ಮನೆ ಇರಲ್ಲ, ಬೇರೆಯವರು ಬಳಸ್ತಾರೆ" ಅಂದರು.

ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಆ ಮಾತನ್ನು ಅಡಿಕೆ ಚೂರಿನ ಹಾಗೆ ಬಾಯಲ್ಲಿ ಹೊರಳಿಸಿದೆ. ನಮ್ಮ ಮನೆಗಳಲ್ಲಿ ಯಾರೂ ಚಲಾಯಿಸುವುದಿಲ್ಲ ಅಕ್ಕ. ಗಂಡಸು ಹೇಳಿದಂತೆ ಆದರೆ "ಊರಾಗ ಅವಂದ ನಡೀತೈತಿ" ಅನ್ನುತ್ತೇವೆ. ಹೆಂಗಸು ಹೇಳಿದಂತೆ ಆದರೆ "ಆಕಿ ಬಾಳ ಜೋರು" ಅನ್ನುತ್ತೇವೆ. ನಮ್ಮವ್ವನಿಗೂ ಹಾಗೇ ಅನ್ನುತ್ತಿದ್ದರಲ್ಲ. ಪಾಪ, ಅವಳು ಜೋರು ಮಾಡಿದ್ದು ನಮ್ಮಿಬ್ಬರನ್ನು ಶಾಲೆಗೆ ಕಳಿಸುವುದಕ್ಕೆ.

ಈಗ ಸುದ್ದಿಗೆ ಬರುತ್ತೇನೆ. ಊರ ದನ ಕುರಿ ನೀರು ಕುಡಿಯುವ ಗೋಕಟ್ಟೆ ನಮ್ಮ ಹೊಲದ ಮಗ್ಗುಲಿಗೇ ಇದೆ. ಅದಕ್ಕೆ ಹೋಗುವ ದಾರಿಯನ್ನು ಇವರು ಹೊಲಕ್ಕೆ ಸೇರಿಸಿಕೊಂಡು ಜಾಲಿಮುಳ್ಳಿನ ಬೇಲಿ ಹಾಕಿಬಿಟ್ಟಿದ್ದರು. ಅಧ್ಯಕ್ಷೆಯ ಗಂಡ, ಕೇಳುವವರು ಯಾರು? ಹೋದ ಸೋಮವಾರ ಮೀಟಿಂಗಿಗೆ ಚೌಡಕ್ಕ ಬಂದಳು. ಗಂಡ ಸತ್ತ ಮುದುಕಿ, ನಾಲ್ಕು ಆಡೇ ಅವಳ ಬದುಕು. ಬಾಗಿಲ ಬಳಿ ಕೂತಿದ್ದ ಇವರ ಕಡೆ ನೋಡದೆ, "ನನ್ನ ಆಡು ನೀರಿಗೆ ಎಲ್ಲಿ ಹೋಗ್ಬೇಕವ್ವಾ, ನೀನ ಹೇಳು. ಒಂದು ಮರಿ ಆಗ್ಲೇ ಸತ್ತೈತಿ" ಎಂದು ನನ್ನನ್ನೇ ಕೇಳಿದಳು.

ಕಾರ್ಯದರ್ಶಿ ಓಬಳೇಶ ಪೆನ್ನು ಹಿಡಿದು, "ಬೇಲಿ ಯಾರದು ಅಂತ ಅಧ್ಯಕ್ಷರು ಹೆಸರು ಹೇಳಿದ್ರ ಠರಾವು ಬರೀತೀನ್ರಿ" ಅಂದ. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವವಳಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತು. ಮದುವೆಯಾಗಿ ಬಂದಾಗ ಹೊಸಿಲಲ್ಲಿ ತಡೆದು ನಿಲ್ಲಿಸಿ ಕೇಳಿದರಲ್ಲ, ಆಗ ಪ್ರಾಸ ಕಟ್ಟಿ, ಒಡಪಿನೊಳಗೆ ಅಡಗಿಸಿ ಹೇಳಿದ್ದೇ ಕೊನೆ. ಸದಸ್ಯ ಯರ್ರೆಪ್ಪ ಕಿಸಕ್ಕನೆ ನಕ್ಕು, "ಒಡಪು ಹಾಕಿ ಹೇಳ್ರಿ ಅಧ್ಯಕ್ಷರ, ನಾವೂ ಕೇಳ್ತೀವಿ" ಅಂದ. ಇವರೂ ನಕ್ಕರು. ಚೌಡಕ್ಕ ಅಲ್ಲೇ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ನನಗೆ ಸಿಟ್ಟು ಬಂತು ಅಕ್ಕ.

ಆಮೇಲಿನದು ಕನಸಿನಲ್ಲಿ ಆದ ಹಾಗೆ ಆಯಿತು. ಫ್ಯಾನಿನ ಸದ್ದು ಎಲ್ಲೋ ದೂರ ಹೋಯಿತು. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. "ಬೇಲಿ ಗಾದೆಪ್ಪಂದು. ನಾಳೆ ಹೊತ್ತು ಮುಳುಗೋದ್ರೊಳಗ ತೆಗೀಬೇಕು. ಬರಕೋ" ಅಂದೆ. ಇವರ ಹೆಸರನ್ನು ಈಗ ಬರೆಯುವಾಗಲೂ ಕೈ ತಡೆಯುತ್ತದೆ.

ಮರುದಿನ ಇವರೇ ಕೊಡಲಿ ತೆಗೆದುಕೊಂಡು ಹೋಗಿ ಬೇಲಿ ಕಿತ್ತರು, ಯಾರನ್ನೂ ಕರೆಯಲಿಲ್ಲ. ಸಂಜೆ ಊರ ಕುರಿಗಳೆಲ್ಲ ಧೂಳೆಬ್ಬಿಸಿಕೊಂಡು ಆ ದಾರಿಯಲ್ಲೇ ನೀರಿಗೆ ಇಳಿದವು. ಇಳಿಬಿಸಿಲಲ್ಲಿ ಧೂಳು ಯಾವುದು, ಕುರಿ ಯಾವುದು ತಿಳಿಯುತ್ತಿರಲಿಲ್ಲ, ಎಲ್ಲವೂ ತೇಲುತ್ತ ಹೋದ ಹಾಗಿತ್ತು. ನನ್ನ ಒಂದು ಮಾತಿಗೆ ಇಷ್ಟೆಲ್ಲ ಆಯಿತೆಂದು ನಂಬುವುದಕ್ಕೆ ಹೊತ್ತು ಹಿಡಿಯಿತು. ಸಂತೋಷವಾಯಿತು ಅಕ್ಕ, ಸುಳ್ಳೇಕೆ ಹೇಳಲಿ. ಚೌಡಕ್ಕ ಒಂದು ಚೊಂಬು ಹಾಲು ತಂದುಕೊಟ್ಟು ಹೋದಳು.

ಭಾವನ ಮೊಣಕಾಲು ಹೇಗಿದೆ? ಎಳ್ಳೆಣ್ಣೆ ತಿಕ್ಕಲು ಹೇಳು. ಸಂಕ್ರಾಂತಿಗೆ ಬಂದು ನಾಲ್ಕು ದಿನ ಇದ್ದು ಹೋಗು. ಮಕ್ಕಳಿಗೆ ನನ್ನ ಆಶೀರ್ವಾದ. ಮೈಲಾರಲಿಂಗ ನಿಮ್ಮನ್ನೆಲ್ಲ ತಣ್ಣಗಿಡಲಿ.

ನಿನ್ನ ತಂಗಿ,
ಮಂಜಮ್ಮ

ತಾ.ಕ.: ಇವರು ಬೈದಿಲ್ಲ, ಕೈ ಎತ್ತಿಲ್ಲ. ಹೊತ್ತಿಗೆ ಸರಿಯಾಗಿ ಊಟಕ್ಕೂ ಬರುತ್ತಾರೆ. ಆದರೆ ಅವತ್ತಿನಿಂದ ಮನೆಯಲ್ಲೂ ನನ್ನನ್ನು ಅಧ್ಯಕ್ಷರು ಅನ್ನುತ್ತಾರೆ. ಮದುವೆಯಾದಾಗಿನಿಂದ "ಲೇ ಮಂಜೀ" ಎಂದು ಹೊಲದ ಆ ತುದಿಯಿಂದ ಕೂಗುತ್ತಿದ್ದ ಬಾಯಿ ಅದು. ಇವತ್ತು ಬೆಳಿಗ್ಗೆ ಇನ್ನೊಂದು ರೊಟ್ಟಿ ಹಾಕಲು ಹೋದರೆ, ತಲೆ ತಗ್ಗಿಸಿಕೊಂಡೇ, "ಸಾಕ್ರಿ. ನೀವು ಉಣ್ರಿ" ಅಂದರು. ಅಣಕವಿರಲಿಲ್ಲ ಅಕ್ಕ. ಅಣಕವಿದ್ದಿದ್ದರೆ ಜಗಳವಾಡುತ್ತಿದ್ದೆ.